ಕೋರ್ ಎಷ್ಟು ಅಂತ ಮಾತ್ರ ಕೇಳಬೇಡಿ, ದಾರಿ ಹೆಂಗೈತಿ ಅಂತಾನೂ ಕೇಳಿ

ನಮ್ಮ ಬೀಳಗಿ ಕಡೆ ಕಬ್ಬಿನ ಹಂಗಾಮು ಬಂತಂದ್ರೆ ಕಾರ್ಖಾನೆ ರಸ್ತೆ ತುಂಬಾ ಟ್ರ್ಯಾಕ್ಟರ್. ಒಮ್ಮೆ ಕಾಕಾ ಮುಖ್ಯ ರಸ್ತೆ ಬಿಟ್ಟು ಹಳ್ಳಿ ದಾರಿ ಹಿಡಿದರು. ದೂರ ಆಗ್ತೈತಲ್ಲ ಅಂದೆ. "ಆದ್ರ ಆಗ್ಲಿ ತಮ್ಮಾ, ಗಾಡಿ ನಿಲ್ಲಬಾರದು" ಅಂದ್ರು.

ಆ ಮಾತು ಮತ್ತೆ ನೆನಪಾಗಿದ್ದು ಹೋದ ಸೆಮಿಸ್ಟರ್ ಲ್ಯಾಬಿನಲ್ಲಿ. ನಾಲ್ಕು ಪಿಸಿಗಳನ್ನು ಒಂದು ಸ್ವಿಚ್‌ಗೆ ಜೋಡಿಸಿ, ಎಂಪಿಐ ಬಳಸಿ ಮ್ಯಾಟ್ರಿಕ್ಸ್ ಗುಣಾಕಾರ ಮಾಡಿದೆವು. ನಾಲ್ಕು ಪಟ್ಟು ವೇಗ ಬರುತ್ತೆ ಅಂದ್ಕೊಂಡಿದ್ವಿ. ಒಂದೇ ಪಿಸಿಗಿಂತ ನಿಧಾನ ಆಯ್ತು! ಲೆಕ್ಕ ಬೇಗ ಮುಗೀತಿತ್ತು, ಉಳಿದ ಹೊತ್ತೆಲ್ಲ ಡೇಟಾ ಬರಲಿ ಅಂತ ಕಾಯೋದೇ ಆಯ್ತು. ಒಂದೇ ಸ್ವಿಚ್ ಇದ್ದಿದ್ದರಿಂದ ಬೇರೆ ದಾರಿ ಇರಲಿಲ್ಲ. ಚಿಕ್ಕ ಚಿಕ್ಕ ಸಂದೇಶಗಳನ್ನು ಸೇರಿಸಿ ಒಟ್ಟಿಗೆ ಕಳಿಸಿದ ಮೇಲೆ ಸ್ವಲ್ಪ ಸುಧಾರಿಸ್ತು.

ದೊಡ್ಡ ಕ್ಲಸ್ಟರ್‌ಗಳಲ್ಲಿ ಬೇರೆ ದಾರಿಗಳು ಇರುತ್ತವೆ. 2015ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದ ಸಹಸ್ರಟಿ ಒಂದು ಕ್ರೇ ಎಕ್ಸ್‌ಸಿ40 ಯಂತ್ರ. ಅದರ ಏರೀಸ್ ನೆಟ್‌ವರ್ಕ್ ಡ್ರ್ಯಾಗನ್‌ಫ್ಲೈ ವಿನ್ಯಾಸದ್ದು. ಅಂದ್ರೆ ನೋಡ್‌ಗಳು ಗುಂಪು ಗುಂಪಾಗಿರುತ್ತವೆ, ಗುಂಪು ಗುಂಪಿನ ನಡುವೆ ನೇರ ಲಿಂಕ್ ಇರುತ್ತೆ. ಆ ಲಿಂಕ್ ಜಾಮ್ ಆದರೆ ರೂಟರ್ ಪ್ಯಾಕೆಟ್ಟನ್ನು ಮೂರನೇ ಗುಂಪಿನ ಮೂಲಕ ಸುತ್ತು ಹಾಕಿಸಿ ಕಳಿಸುತ್ತೆ. ಕಾಕಾ ಮಾಡಿದ್ದೂ ಅದನ್ನೇ. ಇದಕ್ಕೆ ಅಡಾಪ್ಟಿವ್ ರೂಟಿಂಗ್ ಅಂತಾರೆ.

ಹಾಗಂತ ಇದು ಮಂತ್ರದಂಡ ಅಲ್ಲ. ಸುತ್ತು ಹೋಗೋ ಪ್ಯಾಕೆಟ್ ಒಂದರ ಬದಲು ಎರಡು ಉದ್ದ ಲಿಂಕ್ ಬಳಸುತ್ತೆ. ಎಲ್ಲರೂ ಹಳ್ಳಿ ದಾರಿ ಹಿಡಿದರೆ ಅಲ್ಲೂ ಜಾಮ್! ಸಮಾಂತರ ಪ್ರೋಗ್ರಾಮಿನಲ್ಲಿ ಒಂದು ಸಂದೇಶ ತಡವಾದರೂ ಸಾವಿರಾರು ಕೋರ್‌ಗಳು ಸುಮ್ನೆ ಕಾಯ್ತಾ ಕೂರಬೇಕಾಗಬಹುದು.

ಆದರೂ ನಾವು ಎಣಿಸೋದು ಕೋರ್‌ಗಳನ್ನೇ. ಅದೇ ಐಐಎಸ್‌ಸಿಗೆ 2022ರಲ್ಲಿ ಬಂದ ಪರಮ್ ಪ್ರವೇಗ ಅಂದ್ರೆ ನಮಗೆ ನೆನಪಿರೋದು 3.3 ಪೆಟಾಫ್ಲಾಪ್ಸ್, ನೋಡ್‌ಗಳನ್ನು ಬೆಸೆದಿರೋ ಇನ್ಫಿನಿಬ್ಯಾಂಡ್ ಅಲ್ಲ. ಕ್ಲಾಸಿನಲ್ಲೂ ಅಷ್ಟೇ. ಡೈಕ್‌ಸ್ಟ್ರಾ ಬಿಡಿಸಿ ಅತಿ ಚಿಕ್ಕ ದಾರಿ ಬರೆದರೆ ಮಾರ್ಕ್ಸ್. ಆ ದಾರಿಯಲ್ಲಿ ಎಷ್ಟು ಗಾಡಿ ನಿಂತಿವೆ ಅಂತ ಯಾವ ಪ್ರಶ್ನೆಪತ್ರಿಕೆಯೂ ನಮ್ಮನ್ನ ಕೇಳಿಲ್ಲ.

ಅದಕ್ಕೆ ನನ್ನ ಬೇಡಿಕೆ ಸಣ್ಣದು. ನೆಟ್‌ವರ್ಕ್ ಲ್ಯಾಬಿನಲ್ಲಿ ಒಂದು ಪ್ರಯೋಗ ಸೇರಿಸಿ: ಮೊದಲು ಎರಡು ಪಿಸಿ ನಡುವೆ ಸಂದೇಶ ಕಳಿಸಿ ತಡ ಎಷ್ಟು, ವೇಗ ಎಷ್ಟು ಅಂತ ಅಳೆಯೋದು, ಆಮೇಲೆ ಎಲ್ಲ ಪಿಸಿಗಳಿಂದ ಒಟ್ಟಿಗೆ ಕಳಿಸಿ ಮತ್ತೆ ಅಳೆಯೋದು. ಹೊಸದೇನೂ ಕೊಳ್ಳಬೇಕಿಲ್ಲ. ಹೊಸ ಜಿಪಿಯು ಬೇಕು ಅಂತ ಅರ್ಜಿ ಬರೆಯೋ ಮುಂಚೆ, ಇರೋ ಗಾಡಿಗಳು ಎಲ್ಲಿ ನಿಂತಿವೆ ಅಂತ ಒಮ್ಮೆ ನೋಡೋಣ.