ಹೊಳೆಯ ದಂಡೆಗುಂಟ ಒಂದು ಸುತ್ತು

ಶಾಲಾ ಪ್ರವಾಸದ ಬಸ್ಸು ಹಂಪಿಗೆ ಬಂದರೆ ಸಾಮಾನ್ಯವಾಗಿ ನಡೆಯುವುದು ಹೀಗೆ: ವಿರೂಪಾಕ್ಷನ ಗುಡಿಯಲ್ಲಿ ಅರ್ಧ ಗಂಟೆ, ಮತ್ತೆ ಬಸ್ಸು, ಕಮಲ ಮಹಲಿನ ಎದುರು ಒಂದು ಗುಂಪು ಫೋಟೊ, ಮತ್ತೆ ಬಸ್ಸು, ಕಲ್ಲಿನ ರಥದ ಮುಂದೆ ಇನ್ನೊಂದು ಫೋಟೊ. ಸಂಜೆಯ ಹೊತ್ತಿಗೆ ಮಕ್ಕಳು ಹೊಸಪೇಟೆ ದಾಟಿರುತ್ತಾರೆ. ಹೊಳೆಯನ್ನು ಮಾತ್ರ ಯಾರೂ ಸರಿಯಾಗಿ ನೋಡಿರುವುದಿಲ್ಲ.

ವಿರೂಪಾಕ್ಷ ಗುಡಿಯಿಂದ ವಿಠ್ಠಲ ಗುಡಿಗೆ ತುಂಗಭದ್ರೆಯ ದಂಡೆಗುಂಟ ಕಾಲುದಾರಿಯಿದೆ. ದೂರ ಸುಮಾರು 2 ಕಿ.ಮೀ. ಹೋಗುವಾಗ ಹೊಳೆಯ ಪಕ್ಕ, ಬರುವಾಗ ಅಚ್ಯುತರಾಯ ಗುಡಿಯ ಮೇಲಿಂದ ಎಂದು ಲೆಕ್ಕ ಹಾಕಿದರೆ ಹೆಚ್ಚುಕಡಿಮೆ ಐದು ಕಿಲೋಮೀಟರಿನ ಒಂದು ಸುತ್ತಾಗುತ್ತದೆ. ಕೆಲವೆಡೆ ಚಪ್ಪಡಿ ಹಾಸಿದ ದಾರಿ, ಕೆಲವೆಡೆ ಹಾಸುಬಂಡೆಯೇ ದಾರಿ, ಅಲ್ಲಲ್ಲಿ ನಾಲ್ಕಾರು ಮೆಟ್ಟಿಲು. ಐದನೇ ತರಗತಿಯ ಹುಡುಗನೂ ಅವನ ಅಜ್ಜಿಯೂ ನಿಧಾನವಾಗಿ ನಡೆಯಬಹುದಾದ ಹಾದಿ. ಆದರೆ ಬೆಳಿಗ್ಗೆ ಬೇಗ ಹೊರಡಬೇಕು. ಹತ್ತು ಗಂಟೆಯ ಮೇಲೆ ಬಂಡೆ ಕಾಯತೊಡಗಿದರೆ ಅಜ್ಜಿಯ ಮಾತಿರಲಿ, ಹುಡುಗನೇ ಕೂತುಬಿಡುತ್ತಾನೆ.

ಮೊದಲು ಸಿಗುವುದು ಬಜಾರದ ಉದ್ದನೆಯ ಬೀದಿ. ಇಕ್ಕೆಲದ ಕಲ್ಲುಮಂಟಪಗಳಲ್ಲಿ ಬಹುಕಾಲ ಜನ ಸಂಸಾರ ಹೂಡಿದ್ದರು, ಅಂಗಡಿ ಇಟ್ಟಿದ್ದರು. 2011ರಲ್ಲಿ ಅವರನ್ನು ತೆರವುಗೊಳಿಸಲಾಯಿತು. ಸ್ಮಾರಕ ಉಳಿಯಬೇಕು, ನಿಜ. ಬೀದಿ ಬರಿದಾದುದೂ ನಿಜ. ಈ ಎರಡನ್ನೂ ಮಕ್ಕಳಿಗೆ ಹೇಳುವುದೇ ಒಳ್ಳೆಯದು. ಬೀದಿಯ ಕೊನೆಗೆ ಏಕಶಿಲೆಯ ಎದುರು ಬಸವಣ್ಣ. ಅದಕ್ಕೆ ತುಸು ಮುಂಚೆ ಎಡಕ್ಕೆ ತಿರುಗಿದರೆ ಹೊಳೆಯ ದಾರಿ.

ಇಲ್ಲಿ ಮಕ್ಕಳು ಕೇಳುವ ಮೊದಲ ಪ್ರಶ್ನೆ, ಈ ಗುಂಡುಕಲ್ಲುಗಳನ್ನು ಒಂದರ ಮೇಲೊಂದು ಇಟ್ಟವರಾರು ಎಂದು. ವಾಲಿ–ಸುಗ್ರೀವರು ಎಸೆದಾಡಿದ್ದು ಎಂಬ ಕಥೆ ಇದೆ, ಅದನ್ನೂ ಹೇಳಬೇಕು. ಜೊತೆಗೆ ಇನ್ನೊಂದು ಸಂಗತಿ: ಇದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಇಲ್ಲಿ ಯಾರೂ ಕಲ್ಲನ್ನು ತಂದು ಪೇರಿಸಿಲ್ಲ. ಇಡೀ ಬಂಡೆಯಲ್ಲಿ ಅಡ್ಡಡ್ಡ, ಉದ್ದುದ್ದ ಬಿರುಕುಗಳಿದ್ದವು. ಆ ಬಿರುಕುಗಳಲ್ಲಿ ನೀರಿಳಿದು, ಬಿಸಿಲು ಮಳೆಗೆ ಕಲ್ಲು ಸವೆಯಿತು. ಮೂಲೆಗಳಿಗೆ ಮೂರು ಕಡೆಯಿಂದ ಪೆಟ್ಟು, ಹಾಗಾಗಿ ಮೂಲೆ ಬೇಗ ಸವೆದು ಚೌಕ ಕಲ್ಲು ಗುಂಡಾಯಿತು. ಪುಡಿಯಾದ ಮಣ್ಣು ಕೊಚ್ಚಿಹೋಯಿತು, ಗುಂಡುಗಳು ನಿಂತಲ್ಲೇ ನಿಂತವು. ಸಕ್ಕರೆ ಅಚ್ಚನ್ನು ನಾಲಿಗೆಯ ಮೇಲಿಟ್ಟುಕೊಂಡ ಯಾವ ಮಗುವಿಗೂ ಇದನ್ನು ಎರಡನೇ ಸಲ ವಿವರಿಸಬೇಕಾಗಿಲ್ಲ.

ದಾರಿ ಕೋದಂಡರಾಮನ ಗುಡಿಯ ಮುಂದೆ ಚಕ್ರತೀರ್ಥಕ್ಕೆ ಬರುತ್ತದೆ. ಹೊಳೆ ಇಲ್ಲಿ ಬಂಡೆಗಳ ನಡುವೆ ಇಕ್ಕಟ್ಟಾಗಿ ತಿರುಗುತ್ತದೆ. ನೀರು ಆಳ, ಸೆಳೆತವೂ ಇದೆ. ಮೇಲೆ ನೋಡಿದರೆ ಕನ್ನಡಿಯಂತೆ ಶಾಂತ. ಈಜು ಬಲ್ಲೆನೆಂಬ ಹೈಸ್ಕೂಲಿನ ಹುಡುಗರನ್ನು ಪಾಲಕರು, ಮಾಸ್ತರರು ಕೈಹಿಡಿದು ನಿಲ್ಲಿಸಬೇಕಾದ ಜಾಗ ಇದೇ. ಈಜುಕೊಳದ ನೀರು ನಿಂತ ನೀರು, ಹೊಳೆಯದು ಹಾಗಲ್ಲ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಒಂದು ಕಾಲು ಜಾರಿದರೆ ಈಜು ನೆನಪಿಗೆ ಬರುವಷ್ಟು ಹೊತ್ತೂ ಸಿಗುವುದಿಲ್ಲ.

ಅಲ್ಲೇ ಮೇಲೆ ಯಂತ್ರೋದ್ಧಾರಕ ಆಂಜನೇಯ. ವ್ಯಾಸರಾಯರು ಪ್ರತಿಷ್ಠಾಪಿಸಿದ್ದೆಂದು ಪ್ರತೀತಿ. ಯಂತ್ರದ ಸುತ್ತ ಎಷ್ಟು ಕಪಿಗಳಿವೆ ಎಂದು ಮಕ್ಕಳಿಂದಲೇ ಎಣಿಸಿದರೆ ಹನ್ನೆರಡು ಸಿಗಬೇಕು.

ಮುಂದೆ ನಡೆಯುವಾಗ ಕೆಲವು ಬಂಡೆಗಳ ಮೇಲೆ ಸಾಲಾಗಿ ಕೊರೆದ ಚೌಕ ಗುಳಿಗಳು ಕಾಣುತ್ತವೆ. ಅವು ಕಲ್ಲುಕುಟಿಗರ ಗುರುತು. ಗುಳಿಯಲ್ಲಿ ಬೆಣೆ ಹೊಡೆದು ಬಂಡೆಯನ್ನು ಗೆರೆ ಎಳೆದಂತೆ ಸೀಳುತ್ತಿದ್ದರು. ಸೀಳಲು ಗುರುತು ಮಾಡಿ, ಸೀಳದೆ ಬಿಟ್ಟ ಬಂಡೆಗಳೂ ಇವೆ. ರಾಜರ ಹೆಸರು ಬಾಯಿಪಾಠ ಮಾಡುವ ಹುಡುಗಿ ಒಮ್ಮೆ ಆ ಗುಳಿಯಲ್ಲಿ ಬೆರಳಿಟ್ಟು ನೋಡಿದರೆ, ಹೆಸರಿಲ್ಲದ ಒಬ್ಬ ಕೂಲಿಕಾರನ ಪರಿಚಯವಾಗುತ್ತದೆ.

ಹೊಳೆಯಲ್ಲಿ ಜೋಡಿ ಜೋಡಿಯಾಗಿ ನಿಂತ ಕಲ್ಲುಕಂಬಗಳು ವಿಜಯನಗರ ಕಾಲದ ಸೇತುವೆಯವು. ಮೇಲಿನ ಹಾಸು ಹೋಗಿದೆ, ಕಂಬ ಉಳಿದಿವೆ. ತಳವಾರಘಟ್ಟದ ಬಳಿ ನಮ್ಮ ಕಾಲದಲ್ಲಿ ಕಟ್ಟತೊಡಗಿದ ಸೇತುವೆ 2009ರ ಜನವರಿಯಲ್ಲಿ ಕಟ್ಟುವಾಗಲೇ ಕುಸಿಯಿತು. ಸೇತುವೆಗಳ ವಿವಾದದಿಂದಲೇ ಹಂಪಿ 1999ರಲ್ಲಿ ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿ ಸೇರಿ, 2006ರಲ್ಲಿ ಹೊರಬಂದಿತ್ತು.

ಇದೇ ದಂಡೆಯಲ್ಲಿ ಪುರಂದರ ಮಂಟಪವಿದೆ. ಪುರಂದರದಾಸರ ಆರಾಧನೆ ನಡೆಯುವ ಸ್ಥಳ. ಹೊಳೆಯ ಮಟ್ಟ ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ: ಮೇಲೆ ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಮಂಟಪ ಮುಳುಗುತ್ತದೆ. ಆ ಅಣೆಕಟ್ಟಿಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಕಟ್ಟೆಯ ಮೇಲಿನ ಭಾರ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಆದ್ದರಿಂದ ಮಳೆಗಾಲದಲ್ಲಿ ಈ ದಾರಿ ಹಿಡಿಯುವ ಮುನ್ನ ಕಟ್ಟೆಯಿಂದ ನೀರು ಬಿಟ್ಟಿದ್ದಾರೆಯೇ ಎಂದು ಊರಿನವರನ್ನು ಕೇಳಬೇಕು. ಇಲ್ಲಿ ಮೋಡವಿಲ್ಲ ಎಂಬುದು ಉತ್ತರವಲ್ಲ. ಮಳೆ ಬೀಳುವುದು ಮಲೆನಾಡಿನಲ್ಲಿ.

ಮುಂಜಾನೆ ಬೇಗ, ಸದ್ದಿಲ್ಲದೆ ನಡೆದವರಿಗೆ ನೀರುನಾಯಿ ಕಂಡರೂ ಕಾಣಬಹುದು. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ಮೀನು ಹಿಡಿಯಲು ಸಿಡಿಮದ್ದು ಹಾಕಿದರೆ, ಮರಳು ತೋಡಿದರೆ ಅವು ಉಳಿಯುವುದಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನು ಜೇಬಿಗೆ ಹಾಕಿಕೊಳ್ಳಲು ಮಕ್ಕಳಿಗೆ ಇಷ್ಟು ಕಾರಣ ಸಾಕು.

ತುಲಾಭಾರದ ಕಲ್ಲುತೊಲೆಯಲ್ಲಿ ಮೂರು ಬಳೆಗಳನ್ನು ನೋಡಿ, ವಿಠ್ಠಲ ಗುಡಿ ಸೇರಬಹುದು. ಅಲ್ಲಿಯ ಕಲ್ಲಿನ ರಥ ಐವತ್ತು ರೂಪಾಯಿ ನೋಟಿನ ಮೇಲಿದೆ. ನೋಟು ಹಿಡಿದು ಹೋಲಿಸುವುದು ಮಕ್ಕಳಿಗೆ ಖುಷಿ. ಸಂಗೀತದ ಕಂಬಗಳನ್ನು ತಟ್ಟುವಂತಿಲ್ಲ. ತಟ್ಟಿ ತಟ್ಟಿಯೇ ಅವು ಸವೆದದ್ದು. 2019ರಲ್ಲಿ ಹಂಪಿಯ ಬೇರೊಂದು ಗುಡಿಯ ಕಂಬ ಉರುಳಿಸಿದ ಯುವಕರಿಗೆ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿತು.

ಹಿಂದಿರುಗುವಾಗ ಹೊಳೆ ಬಿಟ್ಟು ಎಡಕ್ಕೆ, ಅಚ್ಯುತರಾಯ ಗುಡಿಯ ಮುಂದಿನ ಹಾಳುಬಿದ್ದ ಪೇಟೆಬೀದಿ ಹಿಡಿಯಬೇಕು. ಗುಡಿ ಕಟ್ಟಿದ್ದು 1534ರಲ್ಲಿ. ಜನಸಂದಣಿ ಕಡಿಮೆ, ನೆರಳು ಉಂಟು. ಬುತ್ತಿ ಬಿಚ್ಚಲು ಹೊರಗಿನ ಮರದ ಬುಡ ಒಳ್ಳೆಯದು, ಕೋತಿಗಳ ಮೇಲೆ ಒಂದು ಕಣ್ಣಿರಲಿ. ಆಮೇಲೆ ಮಾತಂಗ ಬೆಟ್ಟದ ಪಕ್ಕದ ಸಣ್ಣ ಏರು. ಮೆಟ್ಟಿಲಿಳಿದರೆ ಎದುರು ಬಸವಣ್ಣ, ಅದರಾಚೆ ಬಜಾರದ ಕೊನೆಗೆ ವಿರೂಪಾಕ್ಷನ ಗೋಪುರ.