ಓನರ್ ಕಣ್ಣು ತಪ್ಪಿಸೋಕೆ ಹೋಗಿ ಹಡಗಿನ ದಾರಿ ತಪ್ಪಿಸಬೇಡಿ

ಹೋಬೋಕನ್‌ನಲ್ಲಿ ಡೆಲಿವರಿ ವ್ಯಾನ್ ಓಡಿಸೋ ನಮ್ಮ ಹುಡುಗನೊಬ್ಬ ಮೊನ್ನೆ ಕೇಳಿದ: “ಅಣ್ಣಾ, ಜಿಪಿಎಸ್ ಜಾಮರ್ ಅಂತ ಸಿಗುತ್ತಂತೆ. ಲೈಟರ್ ಸಾಕೆಟ್‌ಗೆ ಸಿಕ್ಕಿಸಿದ್ರೆ ಗಾಡಿ ಎಲ್ಲಿದೆ ಅಂತ ಓನರ್‌ಗೆ ಗೊತ್ತಾಗಲ್ವಂತೆ. ತಗೊಳ್ಳಲಾ?” ಬೇಡ ಕಣಪ್ಪಾ ಅಂದೆ. ಯಾಕೆ ಅನ್ನೋದನ್ನ ಎಲ್ಲರಿಗೂ ಹೇಳಿಬಿಡ್ತೀನಿ.

2012ರಲ್ಲಿ ಇಲ್ಲೇ ಪಕ್ಕದ ನ್ಯೂವರ್ಕ್ ವಿಮಾನ ನಿಲ್ದಾಣದಲ್ಲಿ, ವಿಮಾನಗಳಿಗೆ ಜಿಪಿಎಸ್ ತಪ್ಪು ತಿದ್ದಿಕೊಡುವ ವ್ಯವಸ್ಥೆಗೆ ಅಡ್ಡಿಯಾಯಿತು. ಹುಡುಕಿದರೆ ಸಿಕ್ಕಿದ್ದು ಒಂದು ಕಂಪನಿ ಪಿಕಪ್ ಟ್ರಕ್. ಚಾಲಕ ಓನರ್ ಕಣ್ಣು ತಪ್ಪಿಸಲು ಜಾಮರ್ ಇಟ್ಟುಕೊಂಡಿದ್ದ. ಕೆಲಸ ಹೋಯಿತು. 2013ರಲ್ಲಿ ಸರ್ಕಾರ 31,875 ಡಾಲರ್ ದಂಡ ಹಾಕಲು ಮುಂದಾಯಿತು.

ಇಷ್ಟು ಸಣ್ಣ ಸಾಧನಕ್ಕೆ ಅಷ್ಟು ಶಕ್ತಿ ಹೇಗೆ? ಉಪಗ್ರಹದ ಸಿಗ್ನಲ್ ಸುಮಾರು 20,000 ಕಿ.ಮೀ. ಮೇಲಿಂದ ಬರುತ್ತೆ, ನೆಲ ಮುಟ್ಟುವಾಗ ತೀರಾ ಕ್ಷೀಣ. ಜೊತೆಗೆ ವಾತಾವರಣ ದಾಟುವಾಗ ಕೆಲವು ಮೀಟರ್ ತಪ್ಪೂ ಸೇರುತ್ತೆ. ಅದನ್ನು ತಿದ್ದಲು, ನಿಖರವಾಗಿ ಅಳೆದಿಟ್ಟ ಜಾಗದಲ್ಲಿ ಒಂದು ರಿಸೀವರ್ ಇಡ್ತಾರೆ. ತಾನಿರುವ ಜಾಗಕ್ಕೂ ಜಿಪಿಎಸ್ ತೋರಿಸೋ ಜಾಗಕ್ಕೂ ಇರುವ ವ್ಯತ್ಯಾಸ ನೋಡಿ ಅದು ತಪ್ಪನ್ನು ಲೆಕ್ಕಹಾಕುತ್ತೆ. ಅಮೆರಿಕದ ಕೋಸ್ಟ್ ಗಾರ್ಡ್ ಈ ತಿದ್ದುಪಡಿಯನ್ನು 2020ರವರೆಗೂ ರೇಡಿಯೋ ಮೂಲಕ ಹಡಗುಗಳಿಗೆ ಕಳಿಸುತ್ತಿತ್ತು. ಈಗ ಉಪಗ್ರಹದಿಂದಲೇ ತಿದ್ದುಪಡಿ ಸಿಗುತ್ತೆ. ಭಾರತದಲ್ಲಿ ಅಂಥದ್ದೇ ‘ಗಗನ್’ ಇದೆ. ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ.

ಆದರೆ ಸಿಗ್ನಲ್ಲೇ ಇಲ್ಲದಿದ್ದರೆ ತಿದ್ದೋದು ಏನನ್ನ? ಅದಕ್ಕೇ ಒಳ್ಳೆ ವ್ಯವಸ್ಥೆ ಅಂದ್ರೆ ತಪ್ಪು ತಿದ್ದಿದರೆ ಸಾಲದು, “ಈಗ ನನ್ನ ನಂಬಬೇಡಿ” ಅಂತ ಕೂಡಲೇ ಗಟ್ಟಿಯಾಗಿ ಹೇಳಬೇಕು. 1995ರಲ್ಲಿ ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟ ‘ರಾಯಲ್ ಮೆಜೆಸ್ಟಿ’ ಹಡಗಿನ ಜಿಪಿಎಸ್ ಆಂಟೆನಾ ತಂತಿ ಕಳಚಿತ್ತು. ಪರದೆಯ ಮೇಲೆ ಸಣ್ಣ ಅಕ್ಷರದ ಸೂಚನೆ ಇತ್ತು, ಒಂದು ದಿನಕ್ಕೂ ಹೆಚ್ಚು ಕಾಲ ಯಾರೂ ಗಮನಿಸಲಿಲ್ಲ. 17 ಮೈಲಿ ದಾರಿ ತಪ್ಪಿ, ಹಡಗು ನಾಂಟುಕೆಟ್ ಬಳಿ ಮರಳಿಗೆ ಏರಿ ಕೂತಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ.

ನಮ್ಮ ಮುಂದೆ ಹಡ್ಸನ್‌ನಲ್ಲಿ ದಿನವೂ ಫೆರಿಗಳು ಓಡಾಡುತ್ತವೆ. ಅದರಲ್ಲಿ ಕೆಲಸಕ್ಕೆ ಹೋಗೋರು ನಾವೇ. ಡ್ಯೂಟಿ ಮುಗಿದ ಮೇಲೂ ಓನರ್ ಟ್ರ್ಯಾಕ್ ಮಾಡ್ತಾರೆ ಅಂದ್ರೆ ಕಿರಿಕಿರಿ ನಿಜ. ಬರೆದು ಕೇಳಿ, ನಾಲ್ಕು ಜನ ಸೇರಿ ಕೇಳಿ. ಜಾಮರ್ ಮಾತ್ರ ಬೇಡ. ಇಲ್ಲಿ ಅದನ್ನು ಬಳಸೋದೂ ಮಾರೋದೂ ಕಾನೂನಿಗೆ ವಿರುದ್ಧ.