ಇನ್ನೊಂದು ಗುಂಪಿಗೆ ಏನು ಕೊಡ್ತೀರಿ?

ಹೋದ ವಾರ ರಾತ್ರಿ ಹತ್ತೂವರೆಗೆ ಊರಿಂದ ಗೆಳೆಯನ ಫೋನು. ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡೋ ಆಸಾಮಿ ಅಲ್ಲ ಅವನು. ಅವರಪ್ಪನ ಹಿಮ್ಮಡಿಯಲ್ಲಿ ವರ್ಷದಿಂದ ಒಂದು ಕಪ್ಪು ಕಲೆ ಇತ್ತಂತೆ. ಗದ್ದೆಯಲ್ಲಿ ಬರಿಗಾಲಲ್ಲಿ ಓಡಾಡೋ ಮನುಷ್ಯ, ಆಣಿ ಇರಬೇಕು ಅಂತ ಸುಮ್ಮನಿದ್ದುಬಿಟ್ಟಿದ್ದರು. ಆಣಿ ಆಗಿರಲಿಲ್ಲ, ಮೆಲನೋಮ. ಗೊತ್ತಾಗೋ ಹೊತ್ತಿಗೆ ತೊಡೆಸಂದಿಗೂ ಶ್ವಾಸಕೋಶಕ್ಕೂ ಹರಡಿತ್ತು. ಈಗ ಆಸ್ಪತ್ರೆಯವರು "ಹೊಸ ಔಷಧಿಯ ಟ್ರಯಲ್ ನಡೀತಿದೆ, ಸೇರಿಸ್ತೀರಾ?" ಅಂತ ಕೇಳಿ, ಇಪ್ಪತ್ತು ಚಿಲ್ಲರೆ ಪುಟದ ಇಂಗ್ಲಿಷ್ ಫಾರಂ ಕೈಗೆ ಕೊಟ್ಟಿದಾರೆ.

"ಅಪ್ಪನ್ನ ಗಿನಿಪಿಗ್ ಮಾಡ್ತಾರೇನೋ ಕಣೋ... ಸೈನ್ ಮಾಡ್ಲಾ, ಬೇಡ್ವಾ?"

ಅಷ್ಟರಲ್ಲಾಗಲೇ ಅವನಿಗೆ ಎರಡು ಸಲಹೆ ಸಿಕ್ಕಿತ್ತು. ಭಾವನದು ಒಂದು: "ಬೇಡವೇ ಬೇಡ, ಕಂಪನಿಯವರು ಬಡವರ ಮೇಲೆ ಪ್ರಯೋಗ ಮಾಡ್ತಾರೆ." ಅಮೆರಿಕದಲ್ಲಿರೋ ಚಿಕ್ಕಪ್ಪನ ಮಗನದು ಇನ್ನೊಂದು: "ಕಣ್ಣು ಮುಚ್ಕೊಂಡು ಸೈನ್ ಮಾಡು, ಲಕ್ಷಗಟ್ಟಲೆ ಬೆಲೆಯ ಔಷಧಿ ಪುಕ್ಕಟೆ ಸಿಗುತ್ತೆ."

ನಾನು ಡಾಕ್ಟರಲ್ಲ. ಆದರೆ ಈ ಎರಡೂ ಸಲಹೆ ಕೇಳಿ ನನಗೆ ಸಿಟ್ಟು ಬಂತು. ನಮ್ಮಲ್ಲಿ ಟ್ರಯಲ್ ಬಗ್ಗೆ ಮಾತು ಅಂದರೆ ಇವೆರಡೇ, ಒಂದು ಭಯ, ಇನ್ನೊಂದು ಭಕ್ತಿ. ಇಬ್ಬರೂ ಹೊಸ ಔಷಧಿಯ ಬಗ್ಗೆಯೇ ಯೋಚಿಸ್ತಾರೆ. ಟ್ರಯಲ್ ಅಂದರೆ ಎರಡು ಗುಂಪು, ನೀವು ಯಾವುದಕ್ಕೆ ಬೀಳ್ತೀರಿ ಅನ್ನೋದು ಚೀಟಿ ಎತ್ತಿದ ಹಾಗೆ. ಹಾಗಿದ್ದ ಮೇಲೆ ಮೊದಲು ಕೇಳಬೇಕಾದ್ದು "ಇನ್ನೊಂದು ಗುಂಪಿಗೆ ಏನು ಕೊಡ್ತೀರಿ?" ಅಂತ ಅಲ್ವಾ? ಅದನ್ನು ಯಾರೂ ಕೇಳೋದಿಲ್ಲ. ನ್ಯಾಯ ಅನ್ಯಾಯ ಎರಡೂ ಇರೋದು ಆ ಗುಂಪಿನಲ್ಲಿ ಅನ್ನೋದು ನನ್ನ ವಾದ. ಮೆಲನೋಮಾದ ಚರಿತ್ರೆಯಷ್ಟು ಚೆನ್ನಾಗಿ ಅದನ್ನು ತೋರಿಸೋದು ಇನ್ನೊಂದಿಲ್ಲ.

ಮೊದಲು ಸ್ವಲ್ಪ ಹಿನ್ನೆಲೆ. ಮೆಲನೋಮ ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಬಿಳಿ ಚರ್ಮದವರಲ್ಲಿ, ಅದರಲ್ಲೂ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಜಾಸ್ತಿ. ನಮ್ಮಲ್ಲಿ ಅಪರೂಪ, ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರೋದೇ ಹೆಚ್ಚು. ಬೇಗ ಸಿಕ್ಕಿದರೆ ಕತ್ತರಿಸಿ ತೆಗೆದು ಗುಣ ಮಾಡಬಹುದು. ಹರಡಿದ ಮೇಲೆ ಕಥೆಯೇ ಬೇರೆ. 2010ರವರೆಗೂ ಹರಡಿದ ಮೆಲನೋಮ ಇದ್ದವರಲ್ಲಿ ಹೆಚ್ಚಿನವರು ಒಂದು ವರ್ಷ ದಾಟುತ್ತಿರಲಿಲ್ಲ. ಕೊಡುತ್ತಿದ್ದ ಕೀಮೋ ಡಕಾರ್ಬಝೀನ್. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1975ರಲ್ಲಿ. ಅದು ಆಯುಷ್ಯ ಹೆಚ್ಚಿಸುತ್ತೆ ಅಂತ ಯಾವ ಟ್ರಯಲ್ಲೂ ಯಾವತ್ತೂ ತೋರಿಸಿರಲಿಲ್ಲ. ಬೇರೆ ಏನೂ ಇಲ್ಲವಲ್ಲ ಅಂತ ಕೊಡುತ್ತಿದ್ದರು, ಅಷ್ಟೇ.

2002ರಲ್ಲಿ ಇಂಗ್ಲೆಂಡಿನ ಸ್ಯಾಂಗರ್ ಸಂಸ್ಥೆಯ ವಿಜ್ಞಾನಿಗಳು ಮೆಲನೋಮ ಗೆಡ್ಡೆಗಳಲ್ಲಿ ಬಿಆರ್‌ಎಎಫ್ ಅನ್ನೋ ಜೀನ್ ಕೆಟ್ಟಿರೋದನ್ನು ಕಂಡುಹಿಡಿದರು. ಹೆಚ್ಚುಕಮ್ಮಿ ಅರ್ಧದಷ್ಟು ರೋಗಿಗಳಲ್ಲಿ ಈ ದೋಷ ಇರುತ್ತೆ. ಆ ಕೆಟ್ಟ ಜೀನಿನ ಕೆಲಸವನ್ನೇ ತಡೆಯೋ ಮಾತ್ರೆ ತಯಾರಾಯ್ತು. ಆಗ ಅದರ ಹೆಸರು ಪಿಎಲ್‌ಎಕ್ಸ್ 4032, ಆಮೇಲೆ ವೆಮುರಾಫೆನಿಬ್ ಆಯ್ತು. 2010ರ ಆಗಸ್ಟಿನಲ್ಲಿ ಮೊದಲ ಹಂತದ ಫಲಿತಾಂಶ ಪ್ರಕಟವಾಯ್ತು: ಈ ದೋಷ ಇದ್ದ 32 ಜನರಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ 26 ಜನರ ಗೆಡ್ಡೆ ಗಣನೀಯವಾಗಿ ಕುಗ್ಗಿತ್ತು. ಡಕಾರ್ಬಝೀನ್‌ನಲ್ಲಿ ಹಾಗಾಗುತ್ತಿದ್ದದ್ದು ನೂರಕ್ಕೆ ಹತ್ತು ಜನರಲ್ಲಿ ಇರಬಹುದು.

ಆಮೇಲೇನು, ಸೀದಾ ಎಲ್ಲರಿಗೂ ಕೊಟ್ಟರಾ? ಇಲ್ಲ. ಅಷ್ಟರಲ್ಲಾಗಲೇ ಬ್ರಿಮ್-3 ಅನ್ನೋ ದೊಡ್ಡ ಟ್ರಯಲ್ ಶುರುವಾಗಿತ್ತು. 675 ರೋಗಿಗಳು. ಅರ್ಧ ಜನಕ್ಕೆ ಹೊಸ ಮಾತ್ರೆ, ಇನ್ನರ್ಧ ಜನಕ್ಕೆ ಅದೇ ಡಕಾರ್ಬಝೀನ್. ಅದಕ್ಕಿಂತ ಕೆಟ್ಟದ್ದು ಅಂದರೆ, ಕೀಮೋ ಗುಂಪಿಗೆ ಬಿದ್ದವರ ಕಾಯಿಲೆ ಕಣ್ಣೆದುರೇ ಬೆಳೀತಿದ್ದರೂ ಅವರಿಗೆ ಆ ಟ್ರಯಲ್ಲಿನಲ್ಲಿ ಹೊಸ ಮಾತ್ರೆ ಕೊಡೋ ಹಾಗಿರಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಏಮಿ ಹಾರ್ಮನ್ ಇದರ ಬಗ್ಗೆ ಒಂದು ವರದಿ ಬರೆದರು. ಒಂದೇ ಕುಟುಂಬದ ಇಬ್ಬರು ಹುಡುಗರು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಿದ್ದ ಹಾಗೆ ಒಟ್ಟಿಗೆ ಬೆಳೆದವರು. ಇಬ್ಬರಿಗೂ ಅದೇ ಕಾಯಿಲೆ, ಇಬ್ಬರ ಗೆಡ್ಡೆಯಲ್ಲೂ ಅದೇ ದೋಷ. ಚೀಟಿಯಲ್ಲಿ ಒಬ್ಬನಿಗೆ ಮಾತ್ರೆ ಬಂತು, ಇನ್ನೊಬ್ಬನಿಗೆ ಕೀಮೋ. ಕೀಮೋ ಬಂದವನು ಉಳಿಯಲಿಲ್ಲ. ನನಗಿನ್ನೂ ಮರೆಯೋಕಾಗಿಲ್ಲ.

ಟ್ರಯಲ್ ಮಾಡಿದವರು ರಾಕ್ಷಸರಲ್ಲ, ಅವರ ವಾದವನ್ನೂ ಹೇಳಿಬಿಡ್ತೀನಿ. ಗೆಡ್ಡೆ ಕುಗ್ಗೋದು ಬೇರೆ, ಮನುಷ್ಯ ಹೆಚ್ಚು ದಿನ ಬದುಕೋದು ಬೇರೆ. ಈ ಮಾತ್ರೆಗೆ ಕೆಲವೇ ತಿಂಗಳಲ್ಲಿ ಕ್ಯಾನ್ಸರ್ ಬಗ್ಗದೇ ಹೋಗ್ತಿತ್ತು, ಅದೂ ನಿಜ. ಎಲ್ಲರಿಗೂ ಕೊನೆಗೆ ಹೊಸ ಮಾತ್ರೆ ಕೊಟ್ಟುಬಿಟ್ಟರೆ ಆಯುಷ್ಯದ ಲೆಕ್ಕ ಕಲಸಿಹೋಗುತ್ತೆ, ಮುಂದಿನ ಸಾವಿರಾರು ರೋಗಿಗಳಿಗೆ ಖಚಿತ ಉತ್ತರ ಸಿಗಲ್ಲ. ಪ್ರಶ್ನೆ ನ್ಯಾಯವಾದದ್ದೇ, ಅದನ್ನು ಒಪ್ಪುತ್ತೀನಿ. ಆದರೆ ಉತ್ತರದ ಬೆಲೆ ಕಟ್ಟಿದವರು ಯಾರು?

2011ರ ಜನವರಿಯಲ್ಲಿ ಮಧ್ಯಂತರ ಲೆಕ್ಕ ನೋಡಿದ ಸ್ವತಂತ್ರ ಸಮಿತಿ, ಕೀಮೋ ಗುಂಪಿನವರಿಗೂ ಹೊಸ ಮಾತ್ರೆ ಕೊಡಿ ಅಂತ ಹೇಳಿತು. ಜೂನಿನಲ್ಲಿ ಫಲಿತಾಂಶ ಬಂತು. ಆರು ತಿಂಗಳ ಹೊತ್ತಿಗೆ ಬದುಕಿದ್ದವರು ಮಾತ್ರೆಯ ಗುಂಪಿನಲ್ಲಿ ಶೇ. 84, ಕೀಮೋ ಗುಂಪಿನಲ್ಲಿ ಶೇ. 64. ಗೆಡ್ಡೆ ಕುಗ್ಗಿದ್ದು ಶೇ. 48ರಷ್ಟು ಜನರಲ್ಲಿ, ಕೀಮೋದಲ್ಲಿ ಶೇ. 5. ಆಗಸ್ಟಿನಲ್ಲಿ ಅಮೆರಿಕದ ಒಪ್ಪಿಗೆ. ವೈಜ್ಞಾನಿಕವಾಗಿ ದೊಡ್ಡ ಗೆಲುವು. ಶೇಕಡಾ 84ಕ್ಕೂ 64ಕ್ಕೂ ನಡುವೆ ಇರೋ ಆ ಇಪ್ಪತ್ತು ಬರೀ ಅಂಕಿ ಅಲ್ಲ ಸ್ವಾಮಿ, ಪ್ರತಿಯೊಬ್ಬರಿಗೂ ಒಂದು ಮನೆ ಇತ್ತು.

ಬೇರೆ ದಾರಿ ಇರಲಿಲ್ವಾ? ಇತ್ತು. ಅದೇ ಜಾತಿಯ ಇನ್ನೊಂದು ಮಾತ್ರೆ ಡಬ್ರಾಫೆನಿಬ್. ಅದರ ಟ್ರಯಲ್ ಬ್ರೇಕ್-3ಕ್ಕೆ ರೋಗಿಗಳನ್ನು ಸೇರಿಸೋಕೆ ಶುರುಮಾಡಿದ್ದು 2010ರ ಡಿಸೆಂಬರಿನಲ್ಲಿ, ಬ್ರಿಮ್-3ರ ಫಲಿತಾಂಶ ಹೊರಬರೋಕೆ ಮೊದಲೇ. 250 ಜನ. ಅರ್ಧರ್ಧ ಹಂಚಲಿಲ್ಲ; 187 ಜನಕ್ಕೆ ಹೊಸ ಮಾತ್ರೆ, 63 ಜನಕ್ಕೆ ಮಾತ್ರ ಡಕಾರ್ಬಝೀನ್. ಕೀಮೋ ಗುಂಪಿನವರ ಕಾಯಿಲೆ ಮುಂದುವರಿದರೆ ಅವರು ಹೊಸ ಮಾತ್ರೆಗೆ ದಾಟಬಹುದಿತ್ತು. ಅಳೆದದ್ದು ಸಾವನ್ನಲ್ಲ, ಕಾಯಿಲೆ ಮತ್ತೆ ಬೆಳೆಯೋಕೆ ಎಷ್ಟು ಸಮಯ ಹಿಡೀತು ಅನ್ನೋದನ್ನು. 2013ರ ಮೇ ತಿಂಗಳಲ್ಲಿ ಅದಕ್ಕೂ ಒಪ್ಪಿಗೆ ಸಿಕ್ಕಿತು. ವಿಜ್ಞಾನವೇನೂ ಮುಳುಗಿಹೋಗಲಿಲ್ಲ.

ಇಲ್ಲಿಗೆ "ನೋಡಿದ್ಯಾ, ನಾನು ಹೇಳಿರ್ಲಿಲ್ವಾ, ಟ್ರಯಲ್ಲೇ ಮೋಸ" ಅಂತ ಭಾವ ಕುಣಿಯಬಹುದು. ತಡೀರಿ ಭಾವ.

ಕ್ಯಾನ್‌ವ್ಯಾಕ್ಸಿನ್ ಅಂತ ಒಂದು ಮೆಲನೋಮ ಲಸಿಕೆ ಇತ್ತು. ಹಳೇ ರೋಗಿಗಳ ದಾಖಲೆಗೆ ಹೋಲಿಸಿದಾಗ ಅದ್ಭುತವಾಗಿ ಕಂಡಿತ್ತು. ಸರಿಯಾಗಿ ಚೀಟಿ ಎತ್ತಿ ಪರೀಕ್ಷೆ ಮಾಡಿದಾಗ ಏನೂ ಪ್ರಯೋಜನ ಇಲ್ಲ ಅಂತ ಗೊತ್ತಾಗಿ 2005ರಲ್ಲಿ ನಿಲ್ಲಿಸಿದರು. ಎಪಕಡೋಸ್ಟಾಟ್ ಅಂತ ಇನ್ನೊಂದು. ಮೊದಲ ಹಂತಗಳಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. 2018ರಲ್ಲಿ 706 ರೋಗಿಗಳ ಟ್ರಯಲ್ ಫಲಿತಾಂಶ ಬಂದಾಗ ಬಲೂನು ಠುಸ್. ಟ್ರಯಲ್ ಇಲ್ಲದಿದ್ದರೆ ಇಂಥವನ್ನು ಇವತ್ತಿಗೂ ಮನೆ ಮಾರಿ ಕೊಂಡು ನುಂಗುತ್ತಿದ್ದೆವು. "ಸಾಯೋರಿಗೆ ಪರೀಕ್ಷೆ ಯಾಕೆ, ಕೊಟ್ಟುಬಿಡಿ" ಅನ್ನೋರಿಗೂ ಇದೇ ಉತ್ತರ.

ಆದರೆ ಎಪಕಡೋಸ್ಟಾಟ್ ಟ್ರಯಲ್ಲಿನಲ್ಲಿ ಒಂದು ವಿಷಯ ಗಮನಿಸಿ. ಇನ್ನೊಂದು ಗುಂಪಿಗೆ ಕೊಟ್ಟಿದ್ದು ಡಕಾರ್ಬಝೀನ್ ಅಲ್ಲ, ಪೆಂಬ್ರೋಲಿಝುಮಾಬ್. ಅಂದರೆ ಆ ಹೊತ್ತಿಗಿದ್ದ ಒಳ್ಳೆಯ ಔಷಧಿಗಳಲ್ಲೇ ಒಂದು. ಎರಡೂ ಗುಂಪಿಗೂ ಅದು ಇತ್ತು; ಒಂದು ಗುಂಪಿಗೆ ಜೊತೆಗೆ ಹೊಸ ಮಾತ್ರೆ, ಇನ್ನೊಂದಕ್ಕೆ ಉತ್ತುತ್ತಿ ಮಾತ್ರೆ. ಯಾವ ಗುಂಪಿಗೆ ಬಿದ್ದರೂ ಯಾರೂ ಏನೂ ಕಳೆದುಕೊಳ್ಳಲಿಲ್ಲ. 945 ರೋಗಿಗಳ ಚೆಕ್‌ಮೇಟ್ 067ರಲ್ಲೂ ಹಾಗೆಯೇ. ಹೋಲಿಕೆಯ ಗುಂಪಿಗೆ ಇಪಿಲಿಮುಮಾಬ್, 2011ರಲ್ಲಿ ಒಪ್ಪಿಗೆ ಪಡೆದಿದ್ದ ನಿಜವಾದ ಔಷಧಿ. ಹತ್ತು ವರ್ಷದ ಲೆಕ್ಕ 2024ರಲ್ಲಿ ಬಂತು: ಎರಡು ಔಷಧಿ ಸೇರಿಸಿ ಕೊಟ್ಟವರಲ್ಲಿ ಶೇ. 43 ಜನ ಬದುಕಿದ್ದರು, ಇಪಿಲಿಮುಮಾಬ್ ಒಂದೇ ಪಡೆದವರಲ್ಲಿ ಶೇ. 19. ವರ್ಷ ದಾಟದಿದ್ದ ಕಾಯಿಲೆಯಲ್ಲಿ ಹತ್ತು ವರ್ಷದ ಲೆಕ್ಕ! ಇದನ್ನು ಸಾಧಿಸಿದ್ದು ಟ್ರಯಲ್ಲುಗಳೇ. 1987ರಲ್ಲಿ ಬೆಂಜಮಿನ್ ಫ್ರೀಡ್‌ಮನ್ ಹೇಳಿದ ಮಾತಿನ ಸಾರವೂ ಇಷ್ಟೇ: ಎರಡರಲ್ಲಿ ಯಾವುದು ಮೇಲು ಅಂತ ವೈದ್ಯರ ಸಮುದಾಯದಲ್ಲೇ ಪ್ರಾಮಾಣಿಕ ಭಿನ್ನಾಭಿಪ್ರಾಯ ಇದ್ದಾಗ ಮಾತ್ರ ಚೀಟಿ ಎತ್ತೋದು ನ್ಯಾಯ.

ಈ ನಿಯಮಕ್ಕೆ ಒಂದು ಕಳ್ಳಗಿಂಡಿ ಇದೆ, ಅದರ ಹೆಸರು "ಸ್ಥಳೀಯ ಚಿಕಿತ್ಸೆ". ಚೆಕ್‌ಮೇಟ್ 066 ಟ್ರಯಲ್ ನೋಡಿ. 418 ರೋಗಿಗಳು, ನಿವೊಲುಮಾಬ್ ಎದುರಿಗೆ ಮತ್ತೆ ಅದೇ ಡಕಾರ್ಬಝೀನ್. ಅಮೆರಿಕದಲ್ಲಿ ಮಾಡಲಿಲ್ಲ, ಯುರೋಪ್, ಕೆನಡಾ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳಲ್ಲಿ ಮಾಡಿದರು. ಕಾರಣ, ಅಲ್ಲಿ ಮೊದಲ ಚಿಕಿತ್ಸೆ ಇನ್ನೂ ಡಕಾರ್ಬಝೀನೇ ಆಗಿತ್ತು. ಒಂದು ವರ್ಷಕ್ಕೆ ಬದುಕಿದ್ದವರು ಶೇ. 72.9 ಮತ್ತು ಶೇ. 42.1. ಹೆಲ್ಸಿಂಕಿ ಘೋಷಣೆ ಹೇಳೋದು, ಹೊಸದನ್ನು ಹೋಲಿಸಬೇಕಾದ್ದು ಸಾಬೀತಾದ ಅತ್ಯುತ್ತಮ ಚಿಕಿತ್ಸೆಯ ಜೊತೆ ಅಂತ. ಆ ಊರಲ್ಲಿ ಸಿಗೋದರ ಜೊತೆ ಅಂತ ಅಲ್ಲ.

ಇದೆಲ್ಲ ದೂರದ ಮಾತು ಅನ್ನಬೇಡಿ. ಇದೇ ಕಳ್ಳಗಿಂಡಿಯಲ್ಲಿ ನಮ್ಮ ಹೆಂಗಸರೂ ಬಿದ್ದಿದ್ದಾರೆ. ಕಾಯಿಲೆ ಬೇರೆ, ಗರ್ಭಕೊರಳಿನ ಕ್ಯಾನ್ಸರ್. ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ 2000ದ ಹೊತ್ತಿಗೆ ಶುರುವಾದ ಟ್ರಯಲ್ಲಿನಲ್ಲಿ 31 ಸಾವಿರಕ್ಕೂ ಹೆಚ್ಚು ಮಹಿಳೆಯರ ಒಂದು ಗುಂಪಿಗೆ ಯಾವ ತಪಾಸಣೆಯನ್ನೂ ಮಾಡಲಿಲ್ಲ. ತಪಾಸಣೆ ಜೀವ ಉಳಿಸುತ್ತೆ ಅಂತ ಜಗತ್ತಿಗೆ ಎಷ್ಟೋ ವರ್ಷಗಳಿಂದ ಗೊತ್ತಿತ್ತು. ಕೊಟ್ಟ ಸಮರ್ಥನೆ, ಭಾರತದ ಹಳ್ಳಿಗಳಲ್ಲಿ ಹೇಗೂ ತಪಾಸಣೆ ಇಲ್ಲವಲ್ಲ ಅಂತ. ನಮ್ಮ ಬಡತನವೇ ಅವರಿಗೆ ಹೋಲಿಕೆಯ ಗುಂಪು ಆಯ್ತು. ನಾಳೆ ಮೆಲನೋಮಾದಲ್ಲೂ ಹಾಗೇ ಹೇಳಬಹುದು, ಯಾಕಂದರೆ ಪೆಂಬ್ರೋಲಿಝುಮಾಬ್ ಕೊಳ್ಳೋ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಹಾಗಾಗಿ ಗೆಳೆಯನಿಗೆ ನಾನು ಹೇಳಿದ್ದು ಸೈನ್ ಮಾಡು ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ. ನಾಲ್ಕು ಪ್ರಶ್ನೆ ಕೇಳು ಅಂದೆ. ಇನ್ನೊಂದು ಗುಂಪಿಗೆ ಏನು ಕೊಡ್ತೀರಿ? ಟ್ರಯಲ್‌ಗೆ ಸೇರದಿದ್ದರೆ ಅಪ್ಪನಿಗೆ ನೀವೇ ಕೊಡೋ ಚಿಕಿತ್ಸೆಗಿಂತ ಅದು ಕಮ್ಮಿಯಾ? ಕಾಯಿಲೆ ಬೆಳೆದರೆ ಹೊಸ ಔಷಧಿಗೆ ದಾಟಬಹುದಾ? ಟ್ರಯಲ್ ಮುಗಿದ ಮೇಲೆ ಔಷಧಿ ಯಾರು ಕೊಡ್ತಾರೆ? ಇದನ್ನು ಕೇಳೋದು ಉಪಕಾರ ಬೇಡಿದ ಹಾಗಲ್ಲ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ರೋಗಿಗೆ ಅರ್ಥವಾಗೋ ಭಾಷೆಯಲ್ಲೇ ವಿವರಿಸಬೇಕು. ಟ್ರಯಲ್‌ನಿಂದ ಹಾನಿಯಾದರೆ ಪರಿಹಾರವೂ ಇದೆ. ಇಲ್ಲಿ ನಡೆಯೋ ಟ್ರಯಲ್ಲುಗಳನ್ನು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸೋದು 2009ರ ಜೂನ್‌ನಿಂದ ಕಡ್ಡಾಯ. ಹೋಲಿಕೆಗೆ ಏನು ಕೊಡ್ತಾರೆ ಅನ್ನೋದನ್ನೂ ಅದರಲ್ಲಿ ಬರೆದಿರಬೇಕು, ಯಾರು ಬೇಕಾದರೂ ನೋಡಬಹುದು.

ಮೊನ್ನೆ ಅವನು ಹೋಗಿ ಕೇಳಿದನಂತೆ. ಮೊದಲ ಎರಡು ಪ್ರಶ್ನೆಗೆ ಡಾಕ್ಟರು ಬೇಸರವಿಲ್ಲದೆ ಉತ್ತರ ಕೊಟ್ಟರು, ಇನ್ನೊಂದು ಗುಂಪಿಗೂ ಈಗಿನ ಒಳ್ಳೇ ಔಷಧಿಯೇ ಅಂತ ಫಾರಂನಲ್ಲಿ ತೋರಿಸಿದರು. ಉಳಿದ ಎರಡಕ್ಕೆ "ಕೇಳಿ ಹೇಳ್ತೀವಿ" ಅಂದಿದಾರೆ. ಕನ್ನಡದ ಫಾರಂ ಬರೋವರೆಗೂ ಸೈನ್ ಮಾಡಲ್ಲ ಅಂತ ಇವನು ಹೇಳಿ ಬಂದಿದಾನೆ. ಅಪ್ಪ ಮಾತ್ರ "ಅದೇನು ಬರ್ದಿದೆಯೋ ಓದಿ ಹೇಳ್ರೋ, ನನ್ ಕಾಲು ತಾನೇ" ಅಂದರಂತೆ.

ಉದ್ದವಾಯ್ತು, ಗೊತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಫಾರಂ ಬಂದಿದ್ದರೆ ಏನು ಕೇಳಿದಿರಿ, ಏನು ಉತ್ತರ ಸಿಕ್ಕಿತು, ಬರೀರಿ. ನಾನು ಹೇಳಿದ್ದು ತಪ್ಪು ಅನ್ನಿಸಿದರೆ ಬೈದಾದರೂ ಬರೀರಿ. ಹಾಂ, ಇವತ್ತು ಮಲಗೋ ಮುಂಚೆ ಅಪ್ಪ ಅಮ್ಮನ ಅಂಗಾಲು ಒಂದ್ಸಲ ನೋಡಿ.